ಶನಿವಾರ, ಭಾನುವಾರದ ಪಗಾರ

ಗಂಗಾವತಿ ಬಳಿಯ ಹನುಮನಹಳ್ಳಿ ಕಡೆ ಹದಿಹರೆಯದವರಿಗೆ ಮೊದಲ ಕೆಲಸ ಬಹುಪಾಲು ನೆಂಟಸ್ತಿಕೆಯಿಂದಲೇ ಸಿಗುತ್ತದೆ. ಹೋಂಸ್ಟೇಯಲ್ಲೋ ಹೋಟೆಲಿನಲ್ಲೋ ಇರುವ ಮಾವನೋ ಅಣ್ಣನೋ ‘ಮನ್ಯಾಗ ಸುಮ್ನ ಕುಂತಾನ, ಕಳಸ್ರಿ’ ಎನ್ನುತ್ತಾನೆ, ಹುಡುಗ ಹೋಗುತ್ತಾನೆ. ಪಗಾರ ಎಷ್ಟು, ಬಿಡುವುದು ಎಷ್ಟೊತ್ತಿಗೆ ಎಂದು ಯಾರೂ ಕೇಳುವುದಿಲ್ಲ. ನಮ್ಮವರ ಹತ್ತಿರ ದುಡ್ಡಿನ ಮಾತೆತ್ತಲು ಸಂಕೋಚ. ಈ ಪದ್ಧತಿಯ ದೊಡ್ಡ ದೋಷ ಈ ಸಂಕೋಚದಲ್ಲಿದೆ. ಹುಡುಗರು ದುಡಿಯುವುದಕ್ಕೆ ನನ್ನ ತಕರಾರಿಲ್ಲ. ಮಾತಾಡಿಕೊಳ್ಳದೆ ದುಡಿಸಿಕೊಳ್ಳುವುದಕ್ಕೆ ಇದೆ.

ಗಂಗಾವತಿ ಸೀಮೆಯ ಮಕ್ಕಳಿಗೆ ರಜೆಯ ದುಡಿಮೆ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ನಾಟಿ, ಕಳೆ. ಕುಷ್ಟಗಿ, ಯಲಬುರ್ಗಾದತ್ತ ಬೀಜದ ಹತ್ತಿ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ‘ಕ್ರಾಸಿಂಗ್’. ಆ ಕೆಲಸ ಎಷ್ಟೋ ಹೆಣ್ಣುಮಕ್ಕಳ ಶಾಲೆಯ ದಿನಗಳನ್ನೇ ತಿಂದುಹಾಕಿತು. ಪ್ರವಾಸಿಗರ ಕೆಲಸ ಬೆಳೆದದ್ದು ಈಚೆಗೆ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು, ಮಾರ್ಚ್‌ನಲ್ಲಿ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ನೆಲಸಮವಾದ ಮೇಲೆ ಸಾಣಾಪುರ, ಹನುಮನಹಳ್ಳಿಗಳತ್ತ ವಹಿವಾಟು ಸರಿಯಿತು. ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತುವವರ ದಟ್ಟಣೆಯೂ ಇದಕ್ಕೆ ಸೇರಿತು.

ಇಲ್ಲಿನ ಕೆಲಸಗಳೆಲ್ಲ ಒಂದೇ ತೂಕದವಲ್ಲ. ಬೆಟ್ಟದ ಬುಡದಲ್ಲಿ ತೆಂಗಿನಕಾಯಿ, ನೀರಿನ ಬಾಟಲಿ ಮಾರುವುದು ಸರಳ. ಲೆಕ್ಕ ಬರುತ್ತದೆ, ಬೇರೇನೂ ಬರುವುದಿಲ್ಲ. ಹೋಂಸ್ಟೇಯಲ್ಲಿ ಪಾತ್ರೆ ತೊಳೆಯಲು ಹಾಕಿದರೆ ಅದೂ ಇಲ್ಲ. ಅದೇ ಹೋಂಸ್ಟೇಯಲ್ಲಿ ಬಂದವರನ್ನು ಎದುರುಗೊಂಡು ಕೋಣೆ ತೋರಿಸಿ, ಆನೆಗೊಂದಿಗೆ ದಾರಿ ಹೇಳಿ, ಸಂಜೆ ಖರ್ಚು ಬರೆದಿಡುವ ಹುಡುಗಿ ಒಂದು ಸೀಸನ್ನಿನಲ್ಲಿ ಹಿಂದಿ, ಇಂಗ್ಲಿಷ್ ಮಾತಾಡಲು ಕಲಿಯುತ್ತಾಳೆ, ಇಸ್ರೇಲಿನವರಿಂದ ನಾಲ್ಕು ಹೀಬ್ರೂ ಮಾತನ್ನೂ. ಅಪರಿಚಿತರ ಮುಂದೆ ಗಟ್ಟಿಯಾಗಿ ನಿಲ್ಲುವ ಧೈರ್ಯ ಅವಳಿಗೆ ಬರುತ್ತದೆ. ನನ್ನ ಮನೆಯ ಮಗುವಾದರೆ ನಾನು ಕೇಳುವ ಕೆಲಸ ಇದು. ಆನೆಗೊಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟ್ ಬೆಳೆಸಿದ ಬಾಳೆನಾರಿನ ಕಸುಬೂ ಹಾಗೆಯೇ, ಕೈಯಲ್ಲಿ ಉಳಿಯುವ ವಿದ್ಯೆ.

ಎರಡು ಕೆಲಸಗಳಿಗೆ ಮಾತ್ರ ಬೇಡವೇ ಬೇಡ ಎನ್ನುತ್ತೇನೆ. ಒಂದು, ಸಾಣಾಪುರ ಕೆರೆಯಲ್ಲಿ ಹರಿಗೋಲು ಹುಟ್ಟು ಹಾಕುವುದು. ಈಜು ಬರುತ್ತದೆಂಬ ಮಾತ್ರಕ್ಕೆ ಹದಿನಾರರ ಹುಡುಗನ ಮೇಲೆ ಆರು ಜನರ ಜೀವ ಹೊರಿಸುವುದು ಸಲ್ಲದು. ಇನ್ನೊಂದು, ಬಾಡಿಗೆ ಸ್ಕೂಟಿಗಳನ್ನು ಗಿರಾಕಿ ಇರುವಲ್ಲಿಗೆ ಓಡಿಸಿಕೊಂಡು ಹೋಗಿ ಕೊಡುವುದು. ಅಪ್ರಾಪ್ತರು ವಾಹನ ಓಡಿಸಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಪಾಲಕರಿಗೋ ವಾಹನದ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ.

ಕಾನೂನು ಕೆಲಸ ಮಾಡಬೇಡಿ ಎನ್ನುವುದಿಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆ, ಹದಿನಾಲ್ಕು ತುಂಬಿದವರಿಗೆ ಅಪಾಯವಿಲ್ಲದ ಕೆಲಸಕ್ಕೆ ಅವಕಾಶ ಕೊಡುತ್ತದೆ. ಮೂರು ತಾಸು ದುಡಿದರೆ ಒಂದು ತಾಸು ಬಿಡುವು ಕೊಡಬೇಕು. ಬಿಡುವು, ಕಾಯುವಿಕೆ ಸೇರಿ ದಿನಕ್ಕೆ ಆರೇ ತಾಸು. ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ದುಡಿಸುವಂತಿಲ್ಲ. ಹೋಂಸ್ಟೇಗಳ ಅಡುಗೆಮನೆ ಬಿಸಿಯಾಗುವುದೇ ಏಳರ ಮೇಲೆ; ಅಲ್ಲಿಯೇ ಈ ನಿಯಮ ಮುರಿಯುತ್ತದೆ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ಬಳಿ ರಾತ್ರಿ ಪ್ರವಾಸಿಗರ ಮೇಲೆ, ಜೊತೆಗಿದ್ದ ಹೋಂಸ್ಟೇ ಒಡತಿಯ ಮೇಲೆ ನಡೆದ ದೌರ್ಜನ್ಯ ಗೊತ್ತಿದ್ದೂ ಮಗಳನ್ನು ಕತ್ತಲಲ್ಲಿ ಒಬ್ಬಳೇ ಮನೆಗೆ ನಡೆಸುವ ಮಾಲೀಕರಿದ್ದರೆ, ಅಲ್ಲಿಗೆ ಕಳಿಸಲೇಬಾರದು. ಭಕ್ಷೀಸೇ ಪಗಾರ ಎನ್ನುವವರಲ್ಲಿಗೂ ಅಷ್ಟೇ. ದೊಡ್ಡವರಿಗೆ ತಾಸಿಗೆ ಕೊಡುವ ದರವನ್ನೇ ಹುಡುಗರಿಗೂ ಕೇಳಬೇಕು, ಮಾವನಾದರೂ ಸರಿ.

ಇನ್ನೊಂದು ತೊಡಕು ಯಾವ ಕಾಯ್ದೆಗೂ ಕಾಣುವುದಿಲ್ಲ. ವಾರಾಂತ್ಯವೆಂಬುದು ಬೆಂಗಳೂರಿನಿಂದ ಬರುವವರದು; ಇಲ್ಲಿನ ಮಕ್ಕಳಿಗೆ ಶನಿವಾರ ಬೆಳಿಗ್ಗೆ ಶಾಲೆ ಇರುತ್ತದೆ. ಆಂಜನೇಯನ ವಾರವಾದ್ದರಿಂದ ಬೆಟ್ಟದಲ್ಲಿ ಜನ ತುಂಬುವುದೂ ಅಂದೇ. ಭಾನುವಾರವೂ ದುಡಿದರೆ ಏಳು ದಿನದಲ್ಲಿ ಒಂದೂ ಬಿಡುವಿಲ್ಲ. ಆದ್ದರಿಂದ ಎರಡರಲ್ಲಿ ಒಂದು ದಿನ ಮಾತ್ರ ಎಂದು ಮೊದಲೇ ಗಟ್ಟಿಯಾಗಿ ಹೇಳಬೇಕು. ಪ್ರವಾಸಿಗರ ಕಾಲ ಅಕ್ಟೋಬರಿನಿಂದ ಫೆಬ್ರವರಿವರೆಗೆ, ಎಸ್‌ಎಸ್‌ಎಲ್‌ಸಿ ಓದಿನ ಕಾಲವೂ ಅದೇ. ಜನವರಿಯಲ್ಲಿ ಬಿಡಿಸಿಕೊಡಲು ಒಪ್ಪದ ಮಾಲೀಕರಲ್ಲಿಗೆ ಹತ್ತನೇ ತರಗತಿಯವರನ್ನು ನವೆಂಬರಿನಲ್ಲಿ ಸೇರಿಸಬಾರದು.