‘ಸಂಸ್ಕೃತೀಕರಣ’ವೆಂಬ ಪರಿಭಾಷೆಯ ವಿಮರ್ಶೆ

ಯಾವ ಶಾಸ್ತ್ರಕ್ಕಾದರೂ ಪರಿಭಾಷೆಯೇ ತಳಹದಿ. ಅದು ಶಿಥಿಲವಾದರೆ ಮೇಲೆ ಕಟ್ಟಿದ ಸಿದ್ಧಾಂತವು ನಿಲ್ಲಲಾರದು. ಸಮಾಜ ಸಂಸ್ಕೃತಿಗಳ ಅಧ್ಯಯನದಲ್ಲಿ ಇಂದು ಬಹುವಾಗಿ ಬಳಕೆಯಲ್ಲಿರುವ ‘ಸಂಸ್ಕೃತೀಕರಣ’ವೆಂಬ ಪರಿಭಾಷೆಯನ್ನು ಈ ದೃಷ್ಟಿಯಿಂದ ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಮೈಸೂರಿನಲ್ಲಿ ಜನಿಸಿದ ಎಂ. ಎನ್. ಶ್ರೀನಿವಾಸರು (1916–1999) ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು 1952 ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥದಿಂದ ಈ ಪರಿಕಲ್ಪನೆಯು ಪ್ರಸಿದ್ಧಿಗೆ ಬಂದಿತು. ಕೆಳಗಿನದೆಂದು ಎಣಿಸಲ್ಪಟ್ಟ ಜಾತಿಯು ಮದ್ಯಮಾಂಸಗಳನ್ನು ತೊರೆದು, ತನ್ನ ಆಚಾರಗಳನ್ನೂ ದೇವತೆಗಳನ್ನೂ ಮಾರ್ಪಡಿಸಿಕೊಂಡು, ಒಂದೆರಡು ತಲೆಮಾರುಗಳಲ್ಲಿ ಮೇಲಿನ ಸ್ಥಾನವನ್ನು ಪಡೆಯಲು ಯತ್ನಿಸುವುದೇ ಅದರ ಮೊದಲ ಲಕ್ಷಣವಾಗಿದ್ದಿತು. 1966 ರ ಗ್ರಂಥದಲ್ಲಿ ಅವರು ಲಕ್ಷಣವನ್ನು ವಿಸ್ತರಿಸಿ, ಅನುಕರಣೀಯವಾದ ಮಾದರಿಯು ಬ್ರಾಹ್ಮಣರೊಬ್ಬರದೇ ಆಗಬೇಕಾಗಿಲ್ಲವೆಂದು ಸ್ಪಷ್ಟಪಡಿಸಿದರು. ಜಾತಿವ್ಯವಸ್ಥೆಯು ಕಲ್ಲಿನಂತೆ ಅಚಲವೆಂಬ ಭ್ರಮೆಯನ್ನು ಕಳೆದುದು ಈ ವಿಚಾರದ ದೊಡ್ಡ ಉಪಕಾರ. ಇದನ್ನು ಮೊದಲು ಒಪ್ಪಿಕೊಂಡು ಬಳಿಕ ಆಕ್ಷೇಪಕ್ಕೆ ತೊಡಗುವುದು ನ್ಯಾಯ.

ಮೊದಲನೆಯ ಆಕ್ಷೇಪವು ಪದದ್ದು. ವ್ಯಾಕರಣಶಾಸ್ತ್ರದಲ್ಲಿ ‘ಶುಕ್ಲೀಕರಣ’ವೇ ಮುಂತಾದ ರೂಪಗಳಿಗೆ ಚ್ವಿ ಪ್ರತ್ಯಯವು ಕಾರಣ. ಅದರ ಅರ್ಥವು ಅಭೂತತದ್ಭಾವ. ಎಂದರೆ, ಹಿಂದೆ ಹಾಗಿಲ್ಲದುದು ಈಗ ಹಾಗಾಗುವುದು. ಬಿಳಿದಲ್ಲದ ಬಟ್ಟೆಯನ್ನು ಬಿಳಿದಾಗಿಸಬಹುದಲ್ಲದೆ ಬಿಳಿಯ ಬಟ್ಟೆಯನ್ನಲ್ಲ. ಹಾಗೆಯೇ ‘ಸಂಸ್ಕೃತೀಕರಣ’ವೆಂದ ಒಡನೆ, ಆ ಜನರು ಹಿಂದೆ ಅಸಂಸ್ಕೃತರಾಗಿದ್ದರೆಂಬ ತೀರ್ಪು ಪರೀಕ್ಷೆಗೆ ಮೊದಲೇ ಬಂದುಬಿಡುತ್ತದೆ. ಇಂಗ್ಲಿಷಿನ ಮೂಲಪದವು ಭಾಷೆಯ ಹೆಸರಿನಿಂದ ಹುಟ್ಟಿದುದು ನಿಜ. ಆದರೆ ಕನ್ನಡಕ್ಕೆ ಬಂದಾಗ ‘ಸಂಸ್ಕೃತ’ವೆಂಬುದು ಭಾಷೆ, ಪರಿಷ್ಕಾರ, ಸಂಸ್ಕಾರಹೊಂದಿದವನು ಎಂಬ ಮೂರು ಅರ್ಥಗಳನ್ನೂ ಎಳೆದು ತರುವುದು.

ಎರಡನೆಯ ಆಕ್ಷೇಪವು ವಸ್ತುವಿನದು. ಶ್ರೀನಿವಾಸರ ಕ್ಷೇತ್ರವಾದ ಕೊಡಗಿನಲ್ಲಿಯೇ ‘ಮಂಗಲ’ವೆಂಬ ವಿಧಿಯನ್ನು ನೋಡಬಹುದು. ಪದವು ಶುದ್ಧ ಸಂಸ್ಕೃತ. ಆದರೆ ಕೊಡವರ ಮದುವೆಯಲ್ಲಿ ಅಗ್ನಿಯೂ ಇಲ್ಲ, ಪುರೋಹಿತನೂ ಇಲ್ಲ. ಒಕ್ಕದ ಹಿರಿಯರು ಅಕ್ಕಿಯನ್ನೆರಚಿ ಹರಸುವರು. ಹಿಂದೆ ಹುಲಿಯನ್ನು ಕೊಂದ ವೀರನಿಗೆ ಮದುವಣಿಗನಂತೆ ಉಡಿಸಿ ‘ನರಿ ಮಂಗಲ’ವನ್ನು ನಡೆಯಿಸುತ್ತಿದ್ದರು, ಅವರ ನುಡಿಯಲ್ಲಿ ‘ನರಿ’ಯೆಂದರೆ ಹುಲಿ. ಯಾವ ಗೃಹ್ಯಸೂತ್ರದಲ್ಲಿ ಇಂತಹ ಸಂಸ್ಕಾರವುಂಟು? ಇಲ್ಲಿ ಸಂಸ್ಕೃತವು ಹೆಸರಿನಲ್ಲಿದೆ, ಕ್ರಿಯೆಯಲ್ಲಿಲ್ಲ.

ಇದರ ವಿಪರ್ಯಯವೂ ಉಂಟು. ಮೈಸೂರು ಸೀಮೆಯ ಅನೇಕ ಜಾತಿಗಳ ಸಂಸ್ಕೃತೀಕರಣಕ್ಕೆ ಲಿಂಗಾಯತರೂ ಪ್ರಬಲ ಕಾರಣರೆಂದು ಶ್ರೀನಿವಾಸರೇ 1956 ರ ಪ್ರಬಂಧದಲ್ಲಿ ಹೇಳಿದ್ದಾರೆ. ಕೊಡಗನ್ನು 1834 ರವರೆಗೆ ಆಳಿದ ಹಾಲೇರಿ ಅರಸರೂ ಲಿಂಗಾಯತರೇ. ಹನ್ನೆರಡನೆಯ ಶತಮಾನದ ಶರಣರು ಬ್ರಾಹ್ಮಣ್ಯದ ಹಿರಿಮೆಯನ್ನು ಅಲ್ಲಗಳೆದವರು. ತಮ್ಮ ಅನುಭವವನ್ನು ಕನ್ನಡ ವಚನಗಳಲ್ಲಿ ಹೇಳಿದವರು. ವೀರಶೈವಕ್ಕೆ ಸಂಸ್ಕೃತ ಗ್ರಂಥಗಳೂ ಉಂಟೆಂಬುದನ್ನು ಮರೆತಿಲ್ಲ. ಆದರೂ ಕನ್ನಡದಲ್ಲಿ ನುಡಿದ, ಬ್ರಾಹ್ಮಣ್ಯವನ್ನು ಎದುರಿಸಿದ ಪರಂಪರೆಯೊಂದರಿಂದ ಕಲಿತ ಆಚಾರವನ್ನು ‘ಸಂಸ್ಕೃತೀಕರಣ’ವೆಂದರೆ, ಅದು ಬಂದ ದಾರಿಯೇ ಅಳಿಸಿಹೋಗುವುದಿಲ್ಲವೆ? ಈ ಪದಕ್ಕೂ ಸಂಸ್ಕೃತಭಾಷೆಗೂ ಇರುವ ಸಂಬಂಧವು ಸರಳವಲ್ಲವೆಂದು ಸ್ಟಾಲ್ ಎಂಬ ವಿದ್ವಾಂಸರು 1963 ರಲ್ಲಿಯೇ ತೋರಿಸಿದರು. ಪದವು ತೊಡಕಿನದೆಂಬುದನ್ನು ಶ್ರೀನಿವಾಸರೂ ಮರೆಮಾಚಲಿಲ್ಲ.

ಇಲ್ಲಿ ವಿಧಾನದ ಪ್ರಶ್ನೆಯೊಂದು ಏಳುವುದು. ಶ್ರೀನಿವಾಸರು ಗ್ರಂಥದೃಷ್ಟಿಯನ್ನೂ ಕ್ಷೇತ್ರದೃಷ್ಟಿಯನ್ನೂ ಬೇರ್ಪಡಿಸಿ, ಸ್ಮೃತಿಗಳ ನಾಲ್ಕು ವರ್ಣಗಳನ್ನು ನಂಬಿ ಊರಿನ ಜಾತಿಗಳನ್ನು ನೋಡಿದವನು ಎಡವುವನೆಂದು ಎಚ್ಚರಿಸಿದರು. 1948 ರಲ್ಲಿ ರಾಮಪುರವೆಂದು ಅವರು ಹೆಸರಿಟ್ಟ ಊರಿನಲ್ಲಿ ನೆಲಸಿ ಕಂಡುದನ್ನು ಬರೆದಿಟ್ಟುಕೊಂಡರು. 1970 ರಲ್ಲಿ ಆ ಟಿಪ್ಪಣಿಗಳು ಅಗ್ನಿಗೆ ತುತ್ತಾದರೂ ನೆನಪಿನ ಬಲದಿಂದ 1976 ರಲ್ಲಿ ಗ್ರಂಥವನ್ನು ಹೊರತಂದರು. ಪಾಠಶಾಲೆಗಳಲ್ಲಿ ಕಲಿತ ನಮ್ಮಂತಹವರಿಗೆ ಈ ಎಚ್ಚರಿಕೆಯು ಅತ್ಯಾವಶ್ಯಕ. ಆದರೆ ಧರ್ಮಶಾಸ್ತ್ರಕಾರರೂ ದೇಶಾಚಾರ ಕುಲಾಚಾರಗಳನ್ನು ಪ್ರಮಾಣವಾಗಿ ಎಣಿಸಿದ್ದರು. ಊರಿನ ನಡವಳಿಕೆಯು ಗ್ರಂಥದೊಳಕ್ಕೂ ನುಗ್ಗಿದೆ. ಹೀಗಿರಲು ಆಚಾರವು ಮೇಲಿನಿಂದ ಕೆಳಕ್ಕೆ ಮಾತ್ರವೇ ಹರಿಯುವುದೆಂದು ಸೂಚಿಸುವ ಪರಿಭಾಷೆಯು ಕ್ಷೇತ್ರದೃಷ್ಟಿಗೂ ಹೊರತು, ಗ್ರಂಥದೃಷ್ಟಿಗೂ ಹೊರತು. 1955 ರಲ್ಲಿ ಮ್ಯಾಕಿಮ್ ಮ್ಯಾರಿಯಟರು ಉತ್ತರಪ್ರದೇಶದ ಹಳ್ಳಿಯೊಂದರ ಅಧ್ಯಯನದಲ್ಲಿ ಎರಡು ದಿಕ್ಕಿನ ಹರಿವನ್ನೂ ಬೇರೆ ಬೇರೆ ಹೆಸರುಗಳಿಂದ ಗುರುತಿಸಿದುದು ಇದಕ್ಕಿಂತ ಯುಕ್ತವಾಗಿದೆ.

ಸಂಸ್ಕೃತವನ್ನು ಓದಿದವನಿಗೆ ಈ ಪದವು ಹಿತವಾಗಿ ಕೇಳಿಸಬಹುದು. ಎಲ್ಲ ಏಳಿಗೆಗೂ ತನ್ನ ಭಾಷೆಯ ಹೆಸರೇ ಅಂಟಿದೆಯಲ್ಲವೆ! ಆದರೆ ಆ ಹಿತವು ಸತ್ಯದ ಬೆಲೆಗೆ ಕೊಂಡುದು. ಜನಪದ ಕಥೆಯಲ್ಲಿ ಪಾಂಡವರು ಕಾಣಿಸಿಕೊಂಡ ಮಾತ್ರಕ್ಕೆ ವಿದ್ಯಾರ್ಥಿಯು ‘ಇದು ಸಂಸ್ಕೃತೀಕರಣ’ವೆಂದು ಬರೆದು ಲೇಖನಿಯನ್ನು ಕೆಳಗಿಟ್ಟರೆ, ಆ ಕಥೆಯನ್ನು ಹೇಳಿದವರ ಬುದ್ಧಿಗೂ ಕಲ್ಪನೆಗೂ ಅನ್ಯಾಯವಾಗುವುದು. ವಿಚಾರವು ತೊಡಗಬೇಕಾದಲ್ಲಿಯೇ ಮುಗಿದುಹೋಗುವುದು.

ಆದಕಾರಣ ಈ ಪದವನ್ನು ಬಹಿಷ್ಕರಿಸಬೇಕೆಂದು ನಾನು ಹೇಳುವುದಿಲ್ಲ. ರೂಢವಾದ ಪದವನ್ನು ಕೀಳುವುದು ಸುಲಭವೂ ಅಲ್ಲ. ಬಳಸುವ ಮುನ್ನ ಮೂರನ್ನು ಬೇರ್ಪಡಿಸಿ ಕೇಳೋಣ: ಹೆಸರು ಬದಲಾಯಿತೇ, ಕ್ರಿಯೆ ಬದಲಾಯಿತೇ, ಸಮಾಜದಲ್ಲಿ ಸ್ಥಾನ ಬದಲಾಯಿತೇ? ಬಳಿಕ ಅದು ಯಾರಿಂದ, ಯಾವ ಭಾಷೆಯ ಮೂಲಕ ಬಂದಿತೆಂದು ವಿಚಾರಿಸೋಣ. ಈ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ಹೆಸರಿಡುವ ಕೆಲಸವು ತಾನಾಗಿ ಹಗುರಾಗುವುದು.