ಖಾಕಿ ತೊಟ್ಟ ಸಿಟ್ಟು

ಹೆಣ್ಣಿನ ಸಿಟ್ಟು ಕನ್ನಡ ಸಿನಿಮಾಕ್ಕೆ ಹೊಸದಲ್ಲ. ಆ ಸಿಟ್ಟನ್ನು ಅಧಿಕಾರದ ಬೆಂಬಲವಿಲ್ಲದೆ ಬೀದಿಗೆ ಬಿಡಲು ಮಾತ್ರ ಅದು ಹಿಂಜರಿಯುತ್ತಲೇ ಬಂದಿದೆ. ಮಾಲಾಶ್ರೀ ನಡೆದ ದಾರಿಯನ್ನೇ ನೋಡಿ. 1989ರ ‘ನಂಜುಂಡಿ ಕಲ್ಯಾಣ’ದಲ್ಲಿ ಅವರದು ಸೊಕ್ಕಿನ ಹುಡುಗಿಯ ಪಾತ್ರ. ಕೈಹಿಡಿದವನು ಆ ಸೊಕ್ಕನ್ನು ಇಳಿಸುವುದೇ ಕಥೆ. ಜನ ನಕ್ಕು ನಲಿದು ಗೆಲ್ಲಿಸಿದರು. ಎರಡೇ ವರ್ಷದಲ್ಲಿ ‘ಎಸ್.ಪಿ. ಭಾರ್ಗವಿ’ ಬಂತು, ಬಹಳ ಕಾಲದ ಮೇಲೆ 2009ರಲ್ಲಿ ‘ಕಿರಣ್ ಬೇಡಿ’. ಅದೇ ನಟಿ ಖಾಕಿ ತೊಟ್ಟು ಗಂಡಸರನ್ನು ಒದ್ದರೆ ಈಗ ಶಿಳ್ಳೆ. ಮನೆಯೊಳಗೆ ತಪ್ಪೆನಿಸಿದ್ದ ಸೊಕ್ಕು ಠಾಣೆಯಲ್ಲಿ ಕರ್ತವ್ಯವಾಯಿತು. ಒದ್ದದ್ದು ಹೆಣ್ಣಲ್ಲ, ಸರ್ಕಾರ ಎಂದು ಪ್ರೇಕ್ಷಕ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಅದೇ ಖಾಕಿಯನ್ನು ಜಪಾನಿನ ತೋಯಿ ಸ್ಟುಡಿಯೊ ಎದುರಾಳಿಯ ಮೈಮೇಲೆ ಹಾಕಿತು. 1970ರ ದಶಕದ ಆರಂಭದಲ್ಲಿ ಪುಂಡ ಹುಡುಗಿಯರ ಗ್ಯಾಂಗುಗಳ ಚಿತ್ರಗಳನ್ನು ಒಂದರ ಹಿಂದೊಂದು ತೆಗೆದ ಸಂಸ್ಥೆ ಅದು. 1972ರಲ್ಲಿ ಶುನ್ಯಾ ಇತೊ ನಿರ್ದೇಶಿಸಿದ ‘ಸಸೋರಿ’ ಮಾಲಿಕೆಯ ಮೊದಲ ಚಿತ್ರದಲ್ಲಿ ಮೇಕೊ ಕಾಜಿಯ ಮಾತ್ಸುವನ್ನು ಬಲಿ ಕೊಡುವವನು ಅವಳು ನಂಬಿದ ಪೊಲೀಸನೇ. ಹಿಂಸಿಸುವವರು ಜೈಲಿನ ಅಧಿಕಾರಿಗಳು. ಅವಳು ಮಾತೇ ಆಡುವುದಿಲ್ಲ ಎನ್ನಬೇಕು, ದಿಟ್ಟಿಸಿ ನೋಡುತ್ತಾಳೆ. ಇಂಥ ಚಿತ್ರಗಳು ಹೆಣ್ಣಿನ ಮೈಯನ್ನು ಮಾರಿದವಲ್ಲವೇ ಎಂದು ಕೇಳುವವರಿದ್ದಾರೆ. ಮಾರಿದವು, ಅನುಮಾನವಿಲ್ಲ. ತೆಗೆದವರೂ ಗಂಡಸರೇ, ಸೇಡಿಗೆ ಕಾರಣವಾದ ಹಿಂಸೆಯನ್ನು ಕ್ಯಾಮೆರಾ ಎಷ್ಟೋ ಕಡೆ ಚಪ್ಪರಿಸಿಕೊಂಡೇ ನೋಡುತ್ತದೆ. ಆದರೆ ಅತ್ಯಾಚಾರದ ದೃಶ್ಯವನ್ನು ಇತೊ ಗಾಜಿನ ನೆಲದಡಿಯಿಂದ ತೋರಿಸುವಾಗ ನಮಗೆ ಎದುರಾಗುವುದು ಅವಳ ಮುಖ, ಅವಳ ಕಣ್ಣು. ನೋಡುವ ಸುಖ ಅಲ್ಲಿ ಕೆಡುತ್ತದೆ. ಚಿತ್ರವನ್ನು ಪೂರ್ತಿ ದೋಷಮುಕ್ತ ಮಾಡಲು ಇಷ್ಟು ಸಾಲದು, ತಳ್ಳಿಹಾಕದಿರಲು ಸಾಕು.

ಸಂಸ್ಕೃತಿಯೇ ಬೇರೆ, ಜಪಾನಿನ ಅಳತೆಗೋಲು ನಮಗೇಕೆ ಎಂಬುದು ಇನ್ನೊಂದು ತಕರಾರು. ಇದಕ್ಕೆ ಉತ್ತರ ನಮ್ಮ ಸೀಮೆಯಲ್ಲೇ ಇದೆ. ಗುಂಡ್ಲುಪೇಟೆ, ಚಾಮರಾಜನಗರ, ಕೊಳ್ಳೇಗಾಲದ ಕಡೆ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಾದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಸಾಲು ಬರುತ್ತದೆ. ಜೇನು ತರಲು ಕಾಡಿಗೆ ಹೊರಟ ಸೋಲಿಗರ ನೀಲೇಗೌಡ, ತಾನಿಲ್ಲದಾಗ ತಪ್ಪಿ ನಡೆಯುವುದಿಲ್ಲವೆಂದು ಭಾಷೆ ಕೊಡು ಎಂದು ಹೆಂಡತಿಯನ್ನು ಪೀಡಿಸುತ್ತಾನೆ. ಸಂಕಮ್ಮ ಕೊಡುವುದಿಲ್ಲ. ತಪ್ಪೇ ಮಾಡದವಳು ಆಣೆ ಏಕೆ ಇಡಬೇಕು? ಅವನು ಹಿಂಸಿಸಿ, ಮಾಟದಿಂದ ಕಟ್ಟಿಹಾಕಿ ಹೋದರೂ ಅವಳು ಬಾಗುವುದಿಲ್ಲ. ಕೊನೆಗೆ ಮಾದೇಶ್ವರನೇ ಬಂದು ಬಿಡಿಸಬೇಕಾಯಿತು, ಮಕ್ಕಳ ವರವನ್ನೂ ಕೊಡಬೇಕಾಯಿತು. ಇದೆಂಥ ಬಂಡಾಯ ಎನ್ನಬಹುದು. ಒಪ್ಪುವ ಮಾತೇ. ಅವಳು ಸೇಡನ್ನೂ ತೀರಿಸಿಕೊಳ್ಳುವವಳಲ್ಲ. ಆದರೆ ಒಲ್ಲೆ ಎಂದಾಗ ದೇವರು ಇನ್ನೂ ಬಂದಿರಲಿಲ್ಲ. ಆ ಮಾತಿನ ಹಿಂದೆ ಇದ್ದವಳು ಅವಳೊಬ್ಬಳೇ.

ಈಚಿನ ಕನ್ನಡ ಚಿತ್ರಗಳಲ್ಲಿ ಮಂಸೋರೆಯವರ ‘ಆ್ಯಕ್ಟ್ 1978’ (2020) ಸಂಕಮ್ಮನ ಈ ಒಂಟಿ ನಿಲುವಿನ ಸಮೀಪ ಬಂದಿದೆ. ಯಜ್ಞಾ ಶೆಟ್ಟಿಯ ಗೀತಾಗೆ ಖಾಕಿಯಿಲ್ಲ. ಲಂಚಕೋರ ಕಚೇರಿಗೆ ಅಲೆದು ಸಾಕಾಗಿ ಅಲ್ಲಿದ್ದವರನ್ನೇ ಒತ್ತೆಯಿಟ್ಟುಕೊಳ್ಳುತ್ತಾಳೆ. ಖಾಕಿ ಹೊರಗೆ, ಅವಳ ಎದುರಿಗೆ ನಿಲ್ಲುತ್ತದೆ. ಗಟ್ಟಿ ಚಿತ್ರ. ಆದರೂ ಅವಳನ್ನು ತುಂಬು ಬಸುರಿಯಾಗಿಸಿದ್ದರಲ್ಲಿ ಹಳೆಯ ಅಂಜಿಕೆ ಇಣುಕುತ್ತದೆ: ಸಿಟ್ಟಾದ ಹೆಣ್ಣನ್ನು ಕ್ಷಮಿಸಲು ನಮಗೆ ಖಾಕಿ ಬೇಕು, ಇಲ್ಲವೇ ತಾಯ್ತನ ಬೇಕು. ಸಂಕಮ್ಮ ಭಾಷೆ ಕೊಡೆನೆಂದಾಗ ಅವಳ ಮಡಿಲಲ್ಲಿ ಮಗುವಿರಲಿಲ್ಲ. ಅವಳ ಮಕ್ಕಳಾದ ಕಾರಯ್ಯ, ಬಿಲ್ಲಯ್ಯ ಹುಟ್ಟಿದ್ದು ಆಮೇಲೆ.