ಕೂಸು ಕಟ್ಟಿಕೊಂಡು ಯುರೋಪಿಗೆ

ಚೌಳಹಿರಿಯೂರಿನಂಥ ಊರಿಂದ ಯುರೋಪಿಗೆ ಹೋಗುವುದು ಈಗ ಯಾರೂ ಬೆರಗಾಗಿ ಕೇಳುವ ಸುದ್ದಿಯಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ತೆಂಗು, ಅಡಿಕೆ, ರಾಗಿ ಬೆಳೆಯುವ ಮನೆಗಳ ಮಕ್ಕಳು ಬೆಂಗಳೂರಿನಲ್ಲಿ ಓದಿ, ಕಂಪನಿ ಕೆಲಸ ಹಿಡಿದು, ಮ್ಯೂನಿಕ್, ಆಮ್‌ಸ್ಟರ್‌ಡ್ಯಾಮ್, ಲಂಡನ್ ಸೇರಿ ಅಲ್ಲೇ ಸಂಸಾರ ಹೂಡಿದ್ದಾರೆ. ಇನ್ನು ಕೆಲವರು ಇಲ್ಲಿದ್ದುಕೊಂಡೇ ಬೇಸಿಗೆ ರಜೆಯಲ್ಲಿ ಟೂರ್ ಕಂಪನಿಯ ಜೊತೆ ಹೋಗಿ ಬರುತ್ತಾರೆ. ಮೂರನೆಯವರು ಅಜ್ಜ ಅಜ್ಜಿ. ಮಗಳ ಬಾಣಂತನಕ್ಕೋ ಮೊಮ್ಮಗುವನ್ನು ನೋಡಿಕೊಳ್ಳುವುದಕ್ಕೋ ಮೂರು ತಿಂಗಳ ವೀಸಾ ಮಾಡಿಸಿಕೊಂಡು ಹೊರಡುವವರು. ಈ ಮೂರೂ ಪಯಣಗಳ ನಡುವೆ ಈಗಷ್ಟೇ ಹೆಜ್ಜೆ ಹಾಕಲು, ತೊದಲಲು ಕಲಿತ ಒಂದು ಕೂಸು ಇರುತ್ತದೆ. ಹಣ, ವೀಸಾ, ಫೋಟೊಗಳ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಕೂಸಿನ ಕಡೆಯಿಂದ ಈ ರೂಢಿಯನ್ನು ತೂಗಿ ನೋಡಿದವರು ಕಡಿಮೆ.

ನಮ್ಮ ಪ್ರವಾಸ ಸಾಹಿತ್ಯದಲ್ಲೂ ಈ ಕೊರತೆ ಇದೆ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, ನೇಮಿಚಂದ್ರರ ‘ಒಂದು ಕನಸಿನ ಪಯಣ’ ಯುರೋಪನ್ನು ಕನ್ನಡಕ್ಕೆ ತಂದ ಕೃತಿಗಳು. ಮೂರೂ ನನಗೆ ಪ್ರಿಯವಾದವು. ಆದರೆ ಅವು ತಮ್ಮಿಷ್ಟದಂತೆ ಹೆಜ್ಜೆ ಹಾಕಬಲ್ಲ ದೊಡ್ಡವರ ಪಯಣಗಳು. ಮ್ಯೂಸಿಯಮ್ಮಿನಲ್ಲಿ ಒಂದು ಚಿತ್ರದ ಮುಂದೆ ಅರ್ಧ ಗಂಟೆ ನಿಲ್ಲುವ ಸ್ವಾತಂತ್ರ್ಯ ಅವುಗಳ ಹಿಂದಿದೆ. ಇವತ್ತು ಯುರೋಪನ್ನು ಕಾಣುತ್ತಿರುವ ಕನ್ನಡ ಕುಟುಂಬಗಳಲ್ಲಿ ಬಹಳ ಜನರಿಗೆ ಆ ಸ್ವಾತಂತ್ರ್ಯವಿಲ್ಲ. ಅವರ ದಿನ ನಡೆಯುವುದು ಮಗುವಿನ ನಿದ್ದೆ, ಹಸಿವು, ಡೈಪರ್, ಹಟದ ಪ್ರಕಾರ. ಆ ಅನುಭವ ನಮ್ಮಲ್ಲಿ ಪುಸ್ತಕವಾಗಿ ಇನ್ನೂ ನೆಲೆಗೊಂಡಿಲ್ಲ.

ಮೊದಲು ಪ್ಯಾಕೇಜ್ ಪ್ರವಾಸದ ವಿಚಾರ. ವಿಮಾನದಲ್ಲಿ ಎರಡು ವರ್ಷ ತುಂಬದ ಮಗುವಿಗೆ ಬೇರೆ ಸೀಟು ಕೊಳ್ಳಲೇಬೇಕೆಂದಿಲ್ಲ. ತೊಡೆಯ ಮೇಲೆ ಕೂರಿಸಿಕೊಂಡರೆ ಅಂತರರಾಷ್ಟ್ರೀಯ ಪಯಣದಲ್ಲಿ ದೊಡ್ಡವರ ದರದ ಹತ್ತನೇ ಒಂದು ಭಾಗದಷ್ಟು ಹಣ ಸಾಕಾಗುತ್ತದೆ. ಷೆಂಗೆನ್ ವೀಸಾಕ್ಕೆ ದೊಡ್ಡವರು 2024ರ ಜೂನ್‌ನಿಂದ 90 ಯೂರೊ ಕಟ್ಟಬೇಕು, ಆರು ವರ್ಷದೊಳಗಿನ ಮಗುವಿಗೆ ಶುಲ್ಕವೇ ಇಲ್ಲ. ಹಾಗಾಗಿ ‘ಎರಡು ತುಂಬೋದರೊಳಗೆ ಹೋಗಿ ಬಂದುಬಿಡೋಣ’ ಎಂಬ ಮಾತು ಮನೆಮನೆಯಲ್ಲಿದೆ. ಹೀಗೆ ಹಣ ಉಳಿಯುವ ವಯಸ್ಸೇ ಮಗುವಿಗೆ ಪಯಣ ಅತಿ ಕಷ್ಟವಾಗುವ ವಯಸ್ಸು. ನಡೆಯಲು ಬರುತ್ತದೆ, ದೂರ ನಡೆಯಲಾಗುವುದಿಲ್ಲ. ಬೇಕು ಬೇಡ ಗೊತ್ತಾಗುತ್ತದೆ, ಹೇಳಲು ಮಾತಿಲ್ಲ.

ಹತ್ತು ದಿನದಲ್ಲಿ ಆರೇಳು ದೇಶ ತೋರಿಸುವ ಪಟ್ಟಿಯನ್ನು ಈ ವಯಸ್ಸಿನ ಎದುರು ಇಟ್ಟು ನೋಡಿ. ಬೇಸಿಗೆಯಲ್ಲಿ ಜರ್ಮನಿ, ಫ್ರಾನ್ಸ್‌ಗಳ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಊರಲ್ಲಿ ಬೆಳಗ್ಗೆ ಏಳಕ್ಕೆ ಏಳುವ ಮಗು ಅಲ್ಲಿ ರಾತ್ರಿ ಮೂರೂವರೆಗೆ ಕಣ್ಣು ಬಿಟ್ಟು ಹಾಲು ಕೇಳುತ್ತದೆ. ಜೂನ್ ತಿಂಗಳಲ್ಲಿ ಒಂಬತ್ತೂವರೆಯಾದರೂ ಹೊರಗೆ ಬೆಳಕು. ಕತ್ತಲಾಗದೆ ಮಲಗಿ ರೂಢಿಯಿಲ್ಲದ ಕೂಸಿಗೆ ನಿದ್ದೆ ಹತ್ತುವುದಿಲ್ಲ. ಬೆಳಗ್ಗೆ ಎಂಟಕ್ಕೆ ಬಸ್ಸು ಹೊರಡಲೇಬೇಕು, ನಲವತ್ತು ಜನ ಕಾಯುತ್ತಿರುತ್ತಾರೆ. ಸುಸ್ತಾದ ಮಗು ಬಸ್ಸಿನಲ್ಲಿ ನಿದ್ದೆ ಹೋಗುತ್ತದೆ, ಐಫೆಲ್ ಗೋಪುರದ ಹತ್ತಿರ ಎಬ್ಬಿಸಿದರೆ ರಚ್ಚೆ ಹಿಡಿಯುತ್ತದೆ. ಅಪ್ಪ ಅಮ್ಮ ಸರದಿಯ ಮೇಲೆ ಎತ್ತಿಕೊಂಡು ಸಮಾಧಾನ ಮಾಡುತ್ತಾರೆ, ಇಬ್ಬರಿಗೂ ಪೂರ್ತಿ ನೋಡಿದ ತೃಪ್ತಿ ಇರುವುದಿಲ್ಲ. ಈ ಬಗೆಯ ಪ್ರವಾಸ ದೊಡ್ಡವರಿಗೂ ಅಷ್ಟಕ್ಕಷ್ಟೆ, ಮಗುವಿಗಂತೂ ಶಿಕ್ಷೆ. ಟೂರ್ ಕಂಪನಿಗಳು ಇದನ್ನು ‘ಫ್ಯಾಮಿಲಿ ಪ್ಯಾಕೇಜ್’ ಎಂದು ಮಾರುವುದು ಸರಿಯಲ್ಲ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

‘ಮಗುವಿಗೆ ಹೇಗೂ ನೆನಪಿರುವುದಿಲ್ಲ, ಹಾಗಾದರೆ ಕರೆದೊಯ್ಯುವುದೇ ವ್ಯರ್ಥ’ ಎನ್ನುವವರೂ ಇದ್ದಾರೆ. ಮೂರು ವರ್ಷಕ್ಕೆ ಮುಂಚಿನ ಸಂಗತಿಗಳು ದೊಡ್ಡವರಾದ ಮೇಲೆ ಸಾಮಾನ್ಯವಾಗಿ ಯಾರ ನೆನಪಿನಲ್ಲೂ ಉಳಿಯುವುದಿಲ್ಲ, ನಿಜ. ಆದರೆ ನೆನಪಿಟ್ಟುಕೊಳ್ಳಲಿ ಅಂತ ನಾವು ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವುದಿಲ್ಲ. ಆ ಹೊತ್ತಿಗೆ ಅದು ಹಿತವಾಗಿರಲಿ ಅಂತ ಹಾಕುತ್ತೇವೆ. ಪಯಣಕ್ಕೂ ಅದೇ ಅಳತೆ ಸಾಕು. ಆ ದಿನ ಮಗು ಹೊಟ್ಟೆ ತುಂಬ ಉಂಡಿತೇ, ನಿದ್ದೆ ಮಾಡಿತೇ, ತನ್ನ ಕಾಲ ಮೇಲೆ ತಾನು ಓಡಾಡಿತೇ, ನಕ್ಕಿತೇ? ಈ ಅಳತೆ ಹಿಡಿದು ನೋಡಿದರೆ ಯುರೋಪಿನ ಚಿತ್ರವೇ ಬೇರೆಯಾಗುತ್ತದೆ.

ಜರ್ಮನಿಯ ಐಸಿಇ ಎಂಬ ವೇಗದ ರೈಲುಗಳಲ್ಲಿ ಪುಟ್ಟ ಮಕ್ಕಳಿರುವ ಕುಟುಂಬಗಳಿಗೆಂದೇ ಒಂದು ಚಿಕ್ಕ ಕೋಣೆ ಇರುತ್ತದೆ, ಮುಂಗಡ ಕಾದಿರಿಸಬಹುದು. ತಳ್ಳುಗಾಡಿ ನಿಲ್ಲಿಸಲು ಜಾಗ, ಮಗು ನೆಲದ ಮೇಲೆ ಕೂತು ಆಡಲು ಜಾಗ, ಮುಚ್ಚಿಕೊಳ್ಳಲು ಬಾಗಿಲು. ಆರು ವರ್ಷದೊಳಗಿನವರಿಗೆ ಟಿಕೆಟ್ಟೇ ಇಲ್ಲ. ಮ್ಯೂನಿಕ್‌ನಿಂದ ಬರ್ಲಿನ್ನಿಗೆ ವೇಗದ ರೈಲಿನಲ್ಲಿ ನಾಲ್ಕು ಗಂಟೆ. ಆ ನಾಲ್ಕು ಗಂಟೆಯಲ್ಲಿ ಮಗು ಒಂದು ನಿದ್ದೆ ತೆಗೆದು, ಎದ್ದು, ಕಿಟಕಿಯ ಅಂಚು ಹಿಡಿದು ನಿಂತು, ಆಚೆ ಸೀಟಿನ ಮಗುವಿನ ಬಿಸ್ಕತ್ತಿಗೆ ಕೈ ಚಾಚಿ ಸ್ನೇಹ ಮಾಡಿಕೊಂಡುಬಿಡುತ್ತದೆ. ಸ್ವಿಟ್ಜರ್‌ಲೆಂಡಿನ ಎರಡಂತಸ್ತಿನ ದೂರದ ರೈಲುಗಳಲ್ಲಿ ಕುಟುಂಬದ ಬೋಗಿಯ ಮೇಲಂತಸ್ತಿನಲ್ಲಿ ಜಾರುಬಂಡೆಯನ್ನೇ ಕೂರಿಸಿದ್ದಾರೆ. ಹೆಲ್ಸಿಂಕಿಯಲ್ಲಿ ತಳ್ಳುಗಾಡಿಯಲ್ಲಿ ಪುಟ್ಟ ಮಗುವನ್ನು ಕರೆದೊಯ್ಯುವ ದೊಡ್ಡವರಿಗೆ ಬಸ್ಸು, ಟ್ರಾಮ್, ಮೆಟ್ರೊ ಉಚಿತ. ಎರಡೂ ಕೈ ಮಗುವಿನಲ್ಲಿ ಸಿಕ್ಕಿಕೊಂಡಿರುವವರು ಟಿಕೆಟ್ಟಿಗಾಗಿ ಪರ್ಸು ಹುಡುಕುವ ಪಾಡೇ ಇಲ್ಲ.

ಎಲ್ಲ ಕಡೆ ಹೀಗಿಲ್ಲ. ಪ್ಯಾರಿಸ್ಸಿನ ಮೆಟ್ರೊ 1900ರಲ್ಲಿ ಶುರುವಾದದ್ದು, ಹಳೆಯ ನಿಲ್ದಾಣಗಳಲ್ಲಿ ಮೆಟ್ಟಿಲೋ ಮೆಟ್ಟಿಲು. ಲಂಡನ್ನಿನ ಅಂಡರ್‌ಗ್ರೌಂಡಿನಲ್ಲೂ ಮೆಟ್ಟಿಲು ಹತ್ತದೆ ರೈಲು ಸೇರಬಹುದಾದ ನಿಲ್ದಾಣಗಳು ಮೂರರಲ್ಲಿ ಒಂದರಷ್ಟೆ. ವೆನಿಸ್‌ನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳು, ಬಹುಪಾಲಿಗೆ ಮೆಟ್ಟಿಲು. ಅಲ್ಲಿ ಸ್ಟ್ರಾಲರ್ ಒಯ್ದವರು ಮಗುವನ್ನೂ ಹೊತ್ತು ಗಾಡಿಯನ್ನೂ ಹೊರಬೇಕು. ಕಂಕುಳಲ್ಲಿ ಮಗು, ಬೆನ್ನಿಗೊಂದು ಚೀಲ ಅಂತ ಹೊರಟವರೇ ಅಲ್ಲಿ ಗೆದ್ದವರು. ತಗ್ಗು ನೆಲದ ಟ್ರಾಮ್‌ಗಳಿರುವ ವಿಯೆನ್ನಾ, ಜ್ಯೂರಿಕ್‌ಗಳನ್ನು ಕೂಸಿನ ಊರುಗಳು ಎನ್ನಬಹುದು. ನಮ್ಮವರ ಪಟ್ಟಿಯಲ್ಲಿ ಮೊದಲು ಬರುವುದು ಮಾತ್ರ ಪ್ಯಾರಿಸ್ಸು, ವೆನಿಸ್ಸು. ಅವು ಓಡಿಹೋಗುವುದಿಲ್ಲ, ಮಗುವಿಗೆ ಹತ್ತು ತುಂಬಿದ ಮೇಲೂ ಅಲ್ಲೇ ಇರುತ್ತವೆ.

ಊಟದ ಪಾಡು ಇನ್ನೊಂದು. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಹಾಲು ತಂದಿಡಬೇಕು. ಅನೇಕ ಕಡೆ ಮಧ್ಯಾಹ್ನದ ಊಟದ ಹೊತ್ತು ಮುಗಿದರೆ ಹೋಟೆಲಿನ ಅಡುಗೆಮನೆ ಸಂಜೆಯವರೆಗೆ ಬಾಗಿಲು ಹಾಕುತ್ತದೆ. ಮಗುವಿನ ಹೊಟ್ಟೆ ಈ ವೇಳಾಪಟ್ಟಿ ಕೇಳುವುದಿಲ್ಲ. ಇಲ್ಲಿ ನಮ್ಮ ಸೀಮೆಯ ಅಜ್ಜಿಯರ ರಾಗಿ ಸರಿ ಕೈ ಹಿಡಿಯುತ್ತದೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟು. ಫ್ಲಾಸ್ಕಿನ ಬಿಸಿನೀರು, ಚಿಕ್ಕದೊಂದು ಕೆಟಲ್ ಇದ್ದರೆ ಯಾವ ಊರಲ್ಲೂ ಮಗುವಿನ ಊಟ ಸಿದ್ಧ. ಆದರೆ ತುಪ್ಪದ ಡಬ್ಬಿ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ತರುವುದಕ್ಕೆ ಐರೋಪ್ಯ ಒಕ್ಕೂಟದಲ್ಲಿ ನಿರ್ಬಂಧವಿದೆ. ಶಿಶುಗಳ ಹಾಲಿನ ಪುಡಿಯಂಥವಕ್ಕೆ ಮಾತ್ರ ಎರಡು ಕಿಲೊವರೆಗೆ ವಿನಾಯಿತಿ. ನಮ್ಮ ತೋಟದ ಒಣಕೊಬ್ಬರಿಯೂ ವಿಮಾನ ಹತ್ತುವಂತಿಲ್ಲ, ಎಣ್ಣೆಯಂಶದಿಂದ ತಾನೇ ಕಾದು ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿದೆ ಅದು.

ಪ್ರವಾಸಕ್ಕಿಂತ ದೊಡ್ಡ ವಿಷಯ ಅಲ್ಲಿನ ಸಂಸಾರ. ಜರ್ಮನಿಯಲ್ಲಿ ಕೆಲಸ ಮಾಡುವ ತಂದೆ ತಾಯಿ ಇಬ್ಬರಿಗೂ ಒಂದೊಂದು ಮಗುವಿಗೆ ಮೂರು ವರ್ಷದವರೆಗೆ ರಜೆಯ ಹಕ್ಕಿದೆ. ಇಬ್ಬರೂ ಹಂಚಿಕೊಂಡರೆ ಹದಿನಾಲ್ಕು ತಿಂಗಳು ಸರ್ಕಾರ ಸಂಬಳದ ಒಂದು ಪಾಲನ್ನು, ಸಾಮಾನ್ಯವಾಗಿ ತಿಂಗಳಿಗೆ 1,800 ಯೂರೊ ಮೀರದಂತೆ, ಕೊಡುತ್ತದೆ. ಕಚೇರಿಗೆ ರಜೆ ಹಾಕಿ ಮಗುವನ್ನು ಎದೆಗೆ ಕಟ್ಟಿಕೊಂಡು ತರಕಾರಿ ತರುವ ನಮ್ಮ ಕಡೆಯ ಹುಡುಗರನ್ನು ಕಂಡಾಗ ನನಗೆ ಹೆಮ್ಮೆಯಾಗುತ್ತದೆ. ನಮ್ಮ ದೇಶದಲ್ಲಿ ಹೆರಿಗೆ ರಜೆಯ ಕಾನೂನಿಗೆ 2017ರಲ್ಲಾದ ತಿದ್ದುಪಡಿಯಿಂದ ತಾಯಿಗೆ 26 ವಾರ ರಜೆ ಸಿಕ್ಕಿದೆ, ಖಾಸಗಿ ಕೆಲಸದ ತಂದೆಗೆ ಕಾನೂನಿನಲ್ಲಿ ಏನೂ ಇಲ್ಲ. ಜರ್ಮನಿಯಲ್ಲಿ 2013ರ ಆಗಸ್ಟ್ 1ರಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಶಿಶುವಿಹಾರದ ಹಕ್ಕಿದೆ. ಜಾಗ ಸಾಲದೆ ತಿಂಗಳುಗಟ್ಟಲೆ ಕಾಯುವವರೂ ಇದ್ದಾರೆ. ಸೇರಿದ ಮೇಲೆ ಮೊದಲ ದಿನಗಳಲ್ಲಿ ತಾಯಿಯೋ ತಂದೆಯೋ ಮಗುವಿನ ಜೊತೆ ಅಲ್ಲೇ ಕೂತು, ಅದು ಹೊಂದಿಕೊಂಡಂತೆ ನಿಧಾನವಾಗಿ ದೂರವಾಗುವ ಕ್ರಮವಿದೆ. ಅಳುವ ಮಗುವನ್ನು ಬಾಗಿಲಲ್ಲಿ ಬಿಟ್ಟು ಬರುವ ನಮ್ಮ ನರ್ಸರಿಗಳು ಕಲಿಯಬೇಕಾದ ಮೊದಲ ಪಾಠ ಇದು.

ಇಷ್ಟೆಲ್ಲ ಇದ್ದೂ ಅಲ್ಲಿ ಇಲ್ಲದಿರುವುದು ಜನ. ಡಿಸೆಂಬರಿನಲ್ಲಿ ನಾಲ್ಕೂವರೆಗೆ ಕತ್ತಲಾಗುವ ಊರಿನಲ್ಲಿ, ನಾಲ್ಕನೇ ಮಹಡಿಯ ಮನೆಯಲ್ಲಿ, ಜ್ವರ ಬಂದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತ ತಾಯಿಗೆ ‘ನೀನು ಒಂದು ಗಳಿಗೆ ಮಲಕ್ಕೋ, ನಾ ನೋಡ್ಕತೀನಿ’ ಎನ್ನುವ ಅತ್ತಿಗೆಯಿಲ್ಲ, ಚಿಕ್ಕಮ್ಮನಿಲ್ಲ. ಸಾಕುವ ರೀತಿಯ ಮೇಲೆ ಪರರ ಕಣ್ಣೂ ಇರುತ್ತದೆ. ಮಗುವಿಗೆ ಹೊಡೆಯುವುದನ್ನು ಸ್ವೀಡನ್ 1979ರಲ್ಲೇ, ಜರ್ಮನಿ 2000ದಲ್ಲಿ ಕಾನೂನಿನಿಂದ ತಡೆದವು. ಅದು ಸರಿಯಾದ ಕಾನೂನು, ನಮಗೂ ಬೇಕು. ಆದರೆ 2011ರಲ್ಲಿ ನಾರ್ವೆಯ ಅಧಿಕಾರಿಗಳು ಬಂಗಾಳಿ ದಂಪತಿಯ ಇಬ್ಬರು ಮಕ್ಕಳನ್ನು ವಶಕ್ಕೆ ಪಡೆದಾಗ ಕೈತುತ್ತು ಹಾಕುವುದು, ಜೊತೆಯಲ್ಲಿ ಮಲಗಿಸುವುದು ಕೂಡ ಚರ್ಚೆಗೆ ಬಂದವು. ಮಕ್ಕಳು ಭಾರತಕ್ಕೆ ಮರಳಿದ್ದು 2012ರ ಏಪ್ರಿಲ್‌ನಲ್ಲಿ. ಆ ಭಯ ಇವತ್ತಿಗೂ ಅಲ್ಲಿನ ನಮ್ಮ ಮನೆಗಳಲ್ಲಿ ಇದೆ. ಮಗುವಿನ ಹಿತ ಕಾಯುವ ಕಾನೂನು ಮಗುವಿನ ಮನೆಯ ರೂಢಿಯನ್ನೂ ತಿಳಿದುಕೊಂಡು ನಡೆಯಬೇಕು.

ಜನದ ಕೊರತೆ ತುಂಬಲು ಹೋಗುವವರು ಅಜ್ಜ ಅಜ್ಜಿ. 30,000 ಯೂರೊಗಳ ವೈದ್ಯಕೀಯ ವಿಮೆ ಮಾಡಿಸಿ, ಯಾವುದೇ 180 ದಿನದಲ್ಲಿ 90 ದಿನದ ಮಿತಿಯೊಳಗೆ ಇದ್ದು ಬರುತ್ತಾರೆ. ಕೆಲವು ಮನೆಗಳಲ್ಲಿ ಅವರನ್ನು ಬರೀ ಮಗು ನೋಡಿಕೊಳ್ಳುವ ಕೆಲಸಕ್ಕೆ ಸೀಮಿತ ಮಾಡುತ್ತಾರೆ, ಅದು ತಪ್ಪು. ಆದರೆ ಮಗುವಿನ ಜೊತೆ ಯುರೋಪನ್ನು ಸರಿಯಾಗಿ ನೋಡುವವರು ಇವರೇ ಎಂಬುದು ನನ್ನ ತೀರ್ಮಾನ. ಜರ್ಮನಿಯ ಆಟದ ಮೈದಾನಗಳಲ್ಲಿ ಎಷ್ಟೋ ಕಡೆ ಮರಳಿನ ನಡುವೆ ಒಂದು ಕೈಪಂಪು ಇರುತ್ತದೆ. ನೀರು ಮರದ ದೋಣಿಗುಂಟ ಹರಿದು ಮರಳಿಗೆ ಬೀಳುತ್ತದೆ. ಎರಡು ವರ್ಷದ ಮಗು ಹಿಡಿಕೆಗೆ ಜೋತುಬಿದ್ದು ಪಂಪು ಹೊಡೆಯುತ್ತದೆ, ಹರಿದ ನೀರಿಗೆ ಮರಳಿನ ಒಡ್ಡು ಕಟ್ಟುತ್ತದೆ, ಒಡ್ಡು ಒಡೆದರೆ ಕೇಕೆ ಹಾಕುತ್ತದೆ. ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ ಅಜ್ಜಿ ತೋಟಕ್ಕೆ ನೀರು ಕಟ್ಟಿದ ಕೈಯಲ್ಲೇ ಬದು ಸರಿ ಮಾಡಿ ತೋರಿಸುತ್ತಾಳೆ. ಮಂಡಿನೋವಿನ ಅಜ್ಜಿಯ ನಡಿಗೆಗೂ ಕೂಸಿನ ನಡಿಗೆಗೂ ವೇಗ ಒಂದೇ. ಇಬ್ಬರಿಗೂ ಎಲ್ಲಿಗೂ ಹೋಗಿ ಮುಟ್ಟುವ ಅವಸರವಿಲ್ಲ.

ನಮ್ಮ ಸೀಮೆಯಲ್ಲಿ ಲೆಕ್ಕ ತಿರುವುಮುರುವು. ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುವಾಗ ಒಂದು ಕೂಸಿಗೆ ಹತ್ತು ಕೈ. ಯಾರ ಮಡಿಲಲ್ಲಾದರೂ ಮಲಗುತ್ತದೆ, ಯಾರ ತಟ್ಟೆಯಿಂದಲಾದರೂ ಉಣ್ಣುತ್ತದೆ. ಆದರೆ ಬಸ್ಸಿನ ಮೆಟ್ಟಿಲು ತಾಯಿಯ ಮೊಣಕಾಲೆತ್ತರ, ತಳ್ಳುಗಾಡಿ ಉರುಳುವ ರಸ್ತೆಯಂಚಿಲ್ಲ, ಡೈಪರ್ ಬದಲಿಸಲು ಚೊಕ್ಕ ಜಾಗ ಹುಡುಕಬೇಕು. ಅಂಗನವಾಡಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರಲ್ಲಿ, ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಅಲ್ಲಿ ಮಗು ಕೂತು ಕಲಿಯುವುದು ಮೂರು ತುಂಬಿದ ಮೇಲೆ. ಅದಕ್ಕಿಂತ ಚಿಕ್ಕವರಿಗಾಗಿ, ಕೂಲಿಗೆ ಹೋಗುವ ತಾಯಂದಿರ ಅನುಕೂಲಕ್ಕೆ, ರಾಜ್ಯ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯ್ತಿಗಳಿಗೆ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ಯುರೋಪಿನ ವ್ಯವಸ್ಥೆಗೆ ನಮ್ಮಲ್ಲಿ ಅತಿ ಹತ್ತಿರದ್ದು ಇದೇ.

ಹಾಗಾಗಿ ನನ್ನ ಸಲಹೆ ಇಷ್ಟು. ಪುಟ್ಟ ಮಗುವಿನ ಜೊತೆ ಹೋಗುವವರು ಒಂದೇ ಊರು ಹಿಡಿಯಲಿ, ಅಡುಗೆಮನೆ ಇರುವ ಬಾಡಿಗೆ ಮನೆಯಲ್ಲಿ ಒಂದು ವಾರ ಇರಲಿ, ದಿನಕ್ಕೊಂದು ಜಾಗ ಸಾಕು, ಮಧ್ಯಾಹ್ನದ ನಿದ್ದೆ ತಪ್ಪದಿರಲಿ, ಸಂಜೆ ಆಟದ ಮೈದಾನ ಇರಲಿ. ಸಾಧ್ಯವಾದರೆ ಅಜ್ಜಿಯನ್ನು ಜೊತೆಗೆ ಕರೆದುಕೊಳ್ಳಲಿ, ಅವಳ ಇಷ್ಟವನ್ನೂ ಕೇಳಲಿ. ಊರಿಗೆ ಬಂದ ಮೇಲೆ ಅರಮನೆ ಗೋಪುರಗಳ ಜೊತೆಗೆ ಆ ರೈಲಿನ ಕೋಣೆ, ತಗ್ಗು ಟ್ರಾಮ್, ಮರಳಿನ ಪಂಪಿನ ಸುದ್ದಿಯನ್ನೂ ಹೇಳಲಿ. ಹೋಗಿ ಬಂದವರಲ್ಲಿ ಒಬ್ಬರಾದರೂ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಕೂಸಿನ ಮನೆ ಹೇಗಿದೆ, ಅಲ್ಲಿ ಮಕ್ಕಳಿಗೆ ಆಡಲು ಜಾಗವಿದೆಯೇ, ನೋಡಿಕೊಳ್ಳುವವರಿಗೆ ಸಂಬಳ ಸರಿಯಾಗಿ ಸಿಗುತ್ತಿದೆಯೇ ಎಂದು ಕೇಳಿದರೆ, ಯುರೋಪಿಗೆ ಸುರಿದ ಹಣ ಸಾರ್ಥಕವಾಯಿತು ಎನ್ನುತ್ತೇನೆ.